ಹೆಗ್ಗೋಡಿನ ಅತಿಥಿಗಳು

ಶಿವಮೊಗ್ಗೆಯಿಂದ ಪಶ್ಚಿಮಾಭಿಮುಖವಾಗಿ ಹೊರಟ ಪ್ರವಾಸಿಗೆ ಸಾಗರವು ಊಟದ ಊರು. ಜೋಗದ ಜಲಪಾತವನ್ನು ಕಾಣುವ ಆತುರದಲ್ಲಿ ಆತನು ಇಲ್ಲಿ ಬಸ್ಸಿನಿಂದಿಳಿದು, ಕೈಕಾಲು ತೊಳೆದು, ಎಲೆಯ ಮುಂದೆ ಕುಳಿತು ಏಳುತ್ತಾನೆ; ಹೆಚ್ಚೆಂದರೆ ಗುಡಿಗಾರರ ಅಂಗಡಿಗೆ ಹೋಗಿ, ಗಂಧದ ಕೆತ್ತನೆಯ ಪೆಟ್ಟಿಗೆಯೊಂದರ ಬೆಲೆ ಕೇಳಿ, ಅದನ್ನು ಇದ್ದಲ್ಲಿಯೇ ಇರಿಸಿ ಹಿಂದಿರುಗುತ್ತಾನೆ. ಇತಿಹಾಸದ ಗೀಳುಳ್ಳವರು ಇಕ್ಕೇರಿ, ಕೆಳದಿಗಳ ಗುಡಿಗಳನ್ನು ನೋಡಿ ಬರುವುದುಂಟು. ಸಾಗರದಿಂದ ಎಂಟು-ಹತ್ತು ಕಿಲೋಮೀಟರಿನ ದೂರದಲ್ಲಿ, ಭೀಮನಕೋಣೆಯ ದಾರಿಯಲ್ಲಿ, ಹೆಗ್ಗೋಡು ಎಂಬ ಹಳ್ಳಿಯೊಂದಿದೆ, ಅಲ್ಲಿ ನೋಡತಕ್ಕದ್ದು ಗುಡಿಯೂ ಅಲ್ಲ, ಜಲಪಾತವೂ ಅಲ್ಲ, ಊರಿನವರು ಕಟ್ಟಿಕೊಂಡ ಒಂದು ಸಂಘ ಎಂದು ಹೇಳಿದರೆ ಪ್ರವಾಸಿ ನಕ್ಕರೂ ನಕ್ಕಾನು. ಸಂಘವಿಲ್ಲದ ಊರು ಕರ್ನಾಟಕದಲ್ಲಿ ಯಾವುದಿದೆ? ಯುವಕ ಸಂಘ, ಮಿತ್ರ ಮಂಡಳಿ, ಕಲಾ ಸಂಘ. ಒಂದು ಬೋರ್ಡು, ಒಂದು ಕೇರಂ ಮಣೆ, ವರುಷಕ್ಕೊಂದು ವಾರ್ಷಿಕೋತ್ಸವ, ಆ ಉತ್ಸವದಲ್ಲಿ ಒಬ್ಬ ಮುಖ್ಯ ಅತಿಥಿ, ಒಂದು ಹೂಮಾಲೆ, ಕೊನೆಗೊಂದು ನಾಟಕ. ಹೆಗ್ಗೋಡಿನದೂ ಹುಟ್ಟಿನಲ್ಲಿ ಅಂತಹುದೇ ಸಂಘ. ಆ ಮುಖ್ಯ ಅತಿಥಿಯನ್ನೂ ಕೊನೆಯ ನಾಟಕವನ್ನೂ ಅದು ಹೇಗೆ ನಡೆಸಿಕೊಂಡಿತೆಂಬುದರಲ್ಲಿಯೇ ಅದರ ಕಥೆಯೆಲ್ಲ ಅಡಗಿದೆ.

ಮಲೆನಾಡಿನ ಈ ಭಾಗದ ಹಳ್ಳಿಗೆ ಬಯಲುಸೀಮೆಯ ಹಳ್ಳಿಯಂತೆ ಬೀದಿಯಿಲ್ಲ, ಊರಬಾಗಿಲಿಲ್ಲ, ಅರಳಿಕಟ್ಟೆಯ ಸುತ್ತ ಗೋಡೆಗೆ ಗೋಡೆ ತಾಗಿಸಿ ನಿಂತ ಮನೆಗಳಿಲ್ಲ. ಕಣಿವೆಯ ತಗ್ಗಿನಲ್ಲಿ ಅಡಿಕೆಯ ತೋಟ. ತೋಟದ ತಲೆಯ ಮೇಲೆ ಒಂದೋ ಎರಡೋ ಮನೆ. ಮನೆಯ ಹಿಂದೆ ಸೊಪ್ಪಿನಬೆಟ್ಟ. ಆ ಬೆಟ್ಟವನ್ನೇರಿ ಇಳಿದರೆ ಮತ್ತೊಂದು ತೋಟ, ಮತ್ತೊಂದು ಮನೆ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೂ ಬಿಡದು. ಇಂತಹ ಕಡೆ ಒಬ್ಬರ ಮುಖವನ್ನೊಬ್ಬರು ನೋಡಬೇಕಾದರೆ ಅದಕ್ಕೊಂದು ನೆವ ಬೇಕು. ಹಿಂದಿನ ಕಾಲದಲ್ಲಿ ಅಡಿಕೆ ಸುಲಿಯುವ ರಾತ್ರಿಗಳು ಅಂತಹ ನೆವವಾಗಿದ್ದವು. ಯಕ್ಷಗಾನದ ಬಯಲಾಟ ಮತ್ತೊಂದು ನೆವ. ತಾಳಮದ್ದಲೆ ಇನ್ನೊಂದು.

ತಾಳಮದ್ದಲೆಯ ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ. ಅರ್ಥಧಾರಿಗಳು ಮನೆಯ ಜಗಲಿಯ ಮೇಲೆಯೇ ಎದುರುಬದುರಾಗಿ ಕುಳಿತು, ಒಬ್ಬ ರಾಮನಾಗಿ, ಮತ್ತೊಬ್ಬ ವಾಲಿಯಾಗಿ, ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಧರ್ಮವೋ ಅಧರ್ಮವೋ ಎಂದು ಗಂಟೆಗಟ್ಟಲೆ ವಾದಿಸುತ್ತಾರೆ. ಮಾತಿನಲ್ಲಿ ಸೋತ ರಾಮನೂ ಉಂಟು, ಗೆದ್ದ ವಾಲಿಯೂ ಉಂಟು. ಕೇಳುತ್ತ ಕುಳಿತ ರೈತನು ತೂಕಡಿಸುವುದಿಲ್ಲ. ಯಾರ ಯುಕ್ತಿ ಎಲ್ಲಿ ಮುಗ್ಗರಿಸಿತೆಂದು ಮರುದಿನ ತೋಟದಲ್ಲಿ ಲೆಕ್ಕ ಹಾಕುತ್ತಾನೆ. ಹಳ್ಳಿಯ ಜನಕ್ಕೆ ಉಪನ್ಯಾಸ ರುಚಿಸದು, ಅವರಿಗೆ ಹಾಸ್ಯವೂ ಹಾಡೂ ಸಾಕು ಎಂದು ಪಟ್ಟಣದಲ್ಲಿ ಕುಳಿತು ತೀರ್ಪು ಕೊಡುವವರಿಗೆ ಇಂತಹ ಒಂದು ರಾತ್ರಿಯ ಪರಿಚಯವಿರಲಾರದು.

ಈ ನೆಲದಲ್ಲಿ ೧೯೪೯ರಲ್ಲಿ ಕೆಲವರು ಕೂಡಿ ಒಂದು ಹವ್ಯಾಸಿ ನಾಟಕ ಸಂಘವನ್ನು ಸ್ಥಾಪಿಸಿದರು. ಊರ ದೇವರು ನೀಲಕಂಠೇಶ್ವರ. ಆತನ ಹೆಸರಿನಲ್ಲಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ. ಅಷ್ಟುದ್ದದ ಹೆಸರನ್ನು ಕೂಗುವ ವ್ಯವಧಾನ ಯಾರಿಗೂ ಇಲ್ಲದೆ, ಮೊದಲಕ್ಷರಗಳು ಉಳಿದು ‘ನೀನಾಸಮ್’ ಎಂದಾಯಿತು. ಸಂಘದ ಜೀವಾಳವಾಗಿ ಬೆಳೆದ ಕೆ. ವಿ. ಸುಬ್ಬಣ್ಣನವರು ಹುಟ್ಟಿದ್ದು ೧೯೩೨ರಲ್ಲಿ. ಸಂಘ ಹುಟ್ಟಿದಾಗ ಅವರಿನ್ನೂ ಮೀಸೆ ಚಿಗುರುವ ಹುಡುಗ. ಮೈಸೂರಿಗೆ ಹೋಗಿ ಕುವೆಂಪು ಅವರ ಶಿಷ್ಯರಾಗಿ ಕನ್ನಡವನ್ನು ಓದಿದ ಈ ತರುಣ, ಪದವಿಯನ್ನು ಹಿಡಿದುಕೊಂಡು ಉದ್ಯೋಗಕ್ಕಾಗಿ ಅಲ್ಲಿಯೇ ನಿಲ್ಲದೆ ಊರಿಗೆ ಮರಳಿ ತೋಟ ನೋಡಿಕೊಂಡರು. ಅಡಿಕೆಯ ಕೃಷಿಯ ಜತೆಗೇ ಅಕ್ಷರ ಪ್ರಕಾಶನವೆಂಬ ಪುಸ್ತಕ ಪ್ರಕಟಣೆಯ ಕೆಲಸವನ್ನೂ ಆ ಹಳ್ಳಿಯಿಂದಲೇ ನಡೆಸಿದರು. ಕನ್ನಡದ ಗಣ್ಯ ಪುಸ್ತಕಗಳ ಮೊದಲ ಪುಟದಲ್ಲಿ ಬೆಂಗಳೂರು, ಮೈಸೂರು, ಧಾರವಾಡಗಳನ್ನು ಕಂಡು ರೂಢಿಯಾದವರಿಗೆ ‘ಹೆಗ್ಗೋಡು, ಸಾಗರ’ ಎಂಬ ವಿಳಾಸವು ಒಂದು ಸೋಜಿಗವೇ ಆಗಿತ್ತು.

ಮೊದಮೊದಲಿನ ವರುಷಗಳನ್ನು ಬಹಳ ಹೇಳಬೇಕಾಗಿಲ್ಲ. ಎಲ್ಲ ಸಂಘಗಳಂತೆ ಇದೂ ನಾಟಕವಾಡಿತು, ದುಡ್ಡಿಗೆ ಪರದಾಡಿತು, ಮಳೆಗೆ ಹೆದರಿತು. ೧೯೭೨ರಲ್ಲಿ ಒಂದು ರಂಗಮಂದಿರ ಎದ್ದು ನಿಂತು, ಅದಕ್ಕೆ ಶಿವರಾಮ ಕಾರಂತರ ಹೆಸರಾಯಿತು. ಮಾರನೆಯ ವರುಷ, ೧೯೭೩ರಲ್ಲಿ, ಸಂಘವು ‘ಚಿತ್ರಸಮಾಜ’ವನ್ನು ಆರಂಭಿಸಿತು. ಆಗ ತೋರಿಸಿದ ಚಿತ್ರಗಳಾದರೂ ಎಂತಹವು? ಇಟಲಿಯ ಡಿ ಸಿಕಾರ ‘ಬೈಸಿಕಲ್ ಥೀವ್ಸ್’, ಜಪಾನಿನ ಕುರೊಸಾವಾರ ‘ರಾಶೊಮೊನ್’, ನಮ್ಮ ಸತ್ಯಜಿತ್ ರಾಯರ ‘ಪಥೇರ್ ಪಾಂಚಾಲಿ’. ಊರಿಗೆ ಸಿನಿಮಾ ತರುವುದಾದರೆ ಹಾಡು-ಹೊಡೆದಾಟಗಳ ಚಿತ್ರವನ್ನು ತರಬಾರದೆ, ಇಟಲಿಯ ಮಾತು ಯಾರಿಗೆ ಬರುತ್ತದೆ ಎಂಬ ಸಂದೇಹ ಸಹಜವಾದದ್ದು. ಆದರೆ ಓದುಗರು ಒಂದು ಕ್ಷಣ ಯೋಚಿಸಿ ನೋಡಬೇಕು. ಗೋಡೆಗೆ ಜಾಹೀರಾತು ಅಂಟಿಸುವ ಬಡವನೊಬ್ಬನ ಸೈಕಲ್ಲು ಕಳುವಾಗುತ್ತದೆ. ಸೈಕಲ್ಲಿಲ್ಲದೆ ಅವನಿಗೆ ಕೆಲಸವಿಲ್ಲ. ಮಗನ ಕೈಹಿಡಿದು ರೋಮ್ ನಗರವನ್ನೆಲ್ಲ ಹುಡುಕುತ್ತಾನೆ. ಸೈಕಲ್ಲೇ ಮನೆಯ ದೊಡ್ಡ ಆಸ್ತಿಯಾಗಿರುವ ಪ್ರೇಕ್ಷಕನಿಗೆ ಈ ಕಥೆಗೆ ಭಾಷ್ಯ ಬೇಕೆ? ‘ರಾಶೊಮೊನ್’ ಚಿತ್ರದಲ್ಲಂತೂ ಒಂದೇ ಕೊಲೆಯನ್ನು ನಾಲ್ವರು ನಾಲ್ಕು ವಿಧವಾಗಿ ಹೇಳುತ್ತಾರೆ, ಪ್ರತಿಯೊಬ್ಬನ ಮಾತೂ ನಿಜವೆಂದು ತೋರುತ್ತದೆ. ವಾಲಿಯ ವಾದವನ್ನು ಕೇಳಿ ಪಳಗಿದ ಕಿವಿಗೆ ಇದು ಹೊಸತಲ್ಲ.

ಚಿತ್ರವನ್ನು ತೋರಿಸಿ ದೀಪ ಹಾಕಿ ಮನೆಗೆ ಕಳುಹಿಸಿದ್ದರೆ ಸಂಘದ ಕೆಲಸ ಅರ್ಧವಾಗುತ್ತಿತ್ತು. ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಸತೀಶ್ ಬಹಾದ್ದೂರರಂತಹವರು ಈ ಹಳ್ಳಿಗೆ ಬಂದು, ಚಿತ್ರವನ್ನು ನೋಡುವ ಬಗೆಯನ್ನು ಕುರಿತು ಶಿಬಿರ ನಡೆಸಿದರು. ಹಾಗೆ ಚಲನಚಿತ್ರ ರಸಗ್ರಹಣದ ಶಿಬಿರವಾಗಿ ಮೊದಲಾದದ್ದು ಕಾಲಕ್ರಮದಲ್ಲಿ ಸಾಹಿತ್ಯ, ರಂಗಭೂಮಿ, ಸಂಗೀತ, ಸಮಾಜಶಾಸ್ತ್ರಗಳನ್ನೆಲ್ಲ ಒಳಗೊಂಡು ಸಂಸ್ಕೃತಿ ಶಿಬಿರವಾಗಿ ಬೆಳೆಯಿತು. ಮಳೆ ನಿಂತು ಅಡಿಕೆಯ ಕೊನೆಗೊಯ್ಲು ಇನ್ನೂ ಆರಂಭವಾಗದ ಬಿಡುವಿನಲ್ಲಿ, ಅಕ್ಟೋಬರ್ ತಿಂಗಳ ಆಸುಪಾಸಿನಲ್ಲಿ, ಒಂದು ವಾರದ ಕಾಲ ನಾಡಿನ ಮೂಲೆಮೂಲೆಯಿಂದ ಅಧ್ಯಾಪಕರು, ವಿದ್ಯಾರ್ಥಿಗಳು, ಗೃಹಿಣಿಯರು, ಬ್ಯಾಂಕಿನ ಗುಮಾಸ್ತರು ಇಲ್ಲಿ ಬಂದು ತಂಗತೊಡಗಿದರು. ಹಗಲು ಉಪನ್ಯಾಸ ಮತ್ತು ಚರ್ಚೆ; ಸಂಜೆ ನಾಟಕ. ಯು. ಆರ್. ಅನಂತಮೂರ್ತಿ, ಕೀರ್ತಿನಾಥ ಕುರ್ತಕೋಟಿ, ಡಿ. ಆರ್. ನಾಗರಾಜ್ ಮೊದಲಾದವರು ಇಲ್ಲಿ ಮಾತನಾಡಿದವರು. ಅನಂತಮೂರ್ತಿಯವರು ತೀರ್ಥಹಳ್ಳಿ ತಾಲ್ಲೂಕಿನವರು, ಸುಬ್ಬಣ್ಣನವರು ಹುಟ್ಟಿದ ವರುಷದಲ್ಲಿಯೇ ಹುಟ್ಟಿದವರು. ಅವರಿಗೆ ಹೆಗ್ಗೋಡು ಅತಿಥಿಯಾಗಿ ಬರುವ ಸ್ಥಳವಾಗಿರಲಿಲ್ಲ, ನೆಂಟರ ಮನೆಯಾಗಿತ್ತು.

ಮುಖ್ಯ ಅತಿಥಿಯ ಮಾತು ಇಲ್ಲಿಗೆ ಬಂತು. ನಮ್ಮ ಸಭೆಗಳಲ್ಲಿ ಮುಖ್ಯ ಅತಿಥಿ ತಡವಾಗಿ ಬರುತ್ತಾನೆ, ಬೇಗನೆ ಹೋಗುತ್ತಾನೆ. ನಡುವೆ ಆಡಿದ ಮಾತಿಗೆ ಉತ್ತರ ಕೊಡುವ ಹಂಗು ಅವನಿಗಿಲ್ಲ. ಹೆಗ್ಗೋಡಿನ ಭೂಗೋಳವೇ ಇದಕ್ಕೆ ಅಡ್ಡಿ. ಬಂದವನು ಆ ದಿನವೇ ಓಡಿಹೋಗುವಂತಿಲ್ಲ. ಬೆಳಿಗ್ಗೆ ಭಾಷಣ ಮಾಡಿದ ವಿದ್ವಾಂಸನು ಮಧ್ಯಾಹ್ನ ಶಿಬಿರಾರ್ಥಿಗಳ ಸಾಲಿನಲ್ಲಿಯೇ ತಟ್ಟೆ ಹಿಡಿದು ನಿಲ್ಲಬೇಕು. ಹಿಂದಿನವನು ಕೇಳುವ ಪ್ರಶ್ನೆಗೆ ಅಲ್ಲಿಯೇ ಜವಾಬು ಹೇಳಬೇಕು. ಸಂಜೆ ಅದೇ ರಂಗಮಂದಿರದಲ್ಲಿ, ತೋಟದಿಂದ ಬಂದು ಕುಳಿತವರ ನಡುವೆ, ತಾನೂ ಪ್ರೇಕ್ಷಕನಾಗಬೇಕು. ಇಂಗ್ಲಿಷಿನಲ್ಲಿ ಮಾತನಾಡಿದರೆ ಅದರ ಸಾರ ಕನ್ನಡದಲ್ಲಿ ಹೊರಬೀಳುತ್ತದೆ. ಇಂಗ್ಲಿಷಿನಲ್ಲಿ ಗಂಭೀರವಾಗಿ ಕೇಳಿಸಿದ ಎಷ್ಟೋ ವಾಕ್ಯಗಳು ಕನ್ನಡಕ್ಕೆ ಬಂದಾಗ ಏನನ್ನೂ ಹೇಳುತ್ತಿಲ್ಲವೆಂಬುದು ಬಯಲಾಗುತ್ತದೆ. ಇದು ಹೆಗ್ಗೋಡಿಗೆ ಮಾತ್ರ ಸಲ್ಲುವ ಮಾತಲ್ಲವೆನ್ನಿ.

ಈ ಸಂಘವು ಹೊಗಳಿಕೆಗೆ ಬಡವಾಗಿಲ್ಲ. ೧೯೯೧ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದ ಮೇಲಂತೂ ಹೆಗ್ಗೋಡಿನ ಹೆಸರು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಂಡಿತು. ಹೊಗಳುವವರು ಸಾಮಾನ್ಯವಾಗಿ ಮರೆಯುವ ಒಂದು ಸಂಗತಿಯನ್ನು ಇಲ್ಲಿ ಎತ್ತಿ ಹೇಳುವುದು ನ್ಯಾಯ. ಸಂಘ ಹುಟ್ಟಿದ ಎರಡೇ ವರುಷಕ್ಕೆ, ೧೯೫೧ರಲ್ಲಿ, ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭೂಮಾಲೀಕರ ವಿರುದ್ಧ ಸತ್ಯಾಗ್ರಹ ಹೂಡಿದರು. ಗೇಣಿಯ ಬತ್ತವನ್ನು ಅಳೆಯುವ ಕೊಳಗದ ಗಾತ್ರದಿಂದ ಹತ್ತಿಕೊಂಡ ಜಗಳ ಅದು. ಸ್ವತಃ ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಉಳುವವರಲ್ಲಿ ದೀವರು ಹೆಚ್ಚು. ತೋಟಗಳ ಒಡೆತನದಲ್ಲಿ ಹವ್ಯಕರು ಹೆಚ್ಚು. ಅಂತಹ ತಾಲ್ಲೂಕಿನಲ್ಲಿ ತೋಟದ ಮನೆಗಳಿಂದ ಬಂದವರು ಒಂದು ಸಂಘ ಕಟ್ಟಿ ಅದನ್ನು ‘ಊರಿನ ಸಂಘ’ವೆಂದರೆ, ಊರೆಂದರೆ ಯಾರು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ರಂಗಮಂದಿರದ ಬಾಗಿಲು ಎಲ್ಲರಿಗೂ ತೆರೆದಿದೆಯೆಂದ ಮಾತ್ರಕ್ಕೆ ಎಲ್ಲರ ಕಾಲೂ ಅದರ ಕಡೆ ಸಲೀಸಾಗಿ ಬರುವುದಿಲ್ಲ.

ಸಂಘವು ಈ ಪ್ರಶ್ನೆಗೆ ಭಾಷಣದಿಂದ ಉತ್ತರ ಕೊಡಲಿಲ್ಲವೆಂಬುದು ಅದರ ಹಿರಿಮೆ. ೧೯೮೦ರಲ್ಲಿ ಅದು ನಾಟಕ ಶಾಲೆಯನ್ನು ತೆರೆಯಿತು. ಚಿದಂಬರರಾವ್ ಜಂಬೆಯವರು ಅದರ ಪ್ರಾಂಶುಪಾಲರಾದರು. ಶಾಲೆಗೆ ರಾಜ್ಯದ ನಾನಾ ಜಿಲ್ಲೆಗಳಿಂದ, ನಾನಾ ಜಾತಿಗಳಿಂದ ಹುಡುಗ ಹುಡುಗಿಯರು ಬಂದರು. ೧೯೮೩ರಿಂದ ೧೯೮೫ರವರೆಗೆ ಫೋರ್ಡ್ ಪ್ರತಿಷ್ಠಾನದ ಧನಸಹಾಯದಿಂದ ‘ಜನಸ್ಪಂದನ’ವೆಂಬ ಯೋಜನೆ ನಡೆದು, ತಂಡಗಳು ಊರೂರಿಗೆ ಹೋಗಿ ಅಲ್ಲಿನವರಿಂದಲೇ ನಾಟಕ ಮಾಡಿಸಿದವು. ಉತ್ತರ ಕನ್ನಡದ ಮಂಚಿಕೇರಿಯಲ್ಲಿ ಜಂಬೆಯವರು ಸಿದ್ದಿ ಜನರನ್ನು ಕೂಡಿಸಿ ‘ಕಪ್ಪು ಜನ ಕೆಂಪು ನೆರಳು’ ನಾಟಕವನ್ನು ಆಡಿಸಿದರು. ನೈಜೀರಿಯದ ಚಿನುವಾ ಅಚಿಬೆಯವರ ಕಾದಂಬರಿಯ ರಂಗರೂಪ ಅದು. ಶತಮಾನಗಳ ಹಿಂದೆ ಆಫ್ರಿಕದಿಂದ ತರಲ್ಪಟ್ಟು, ಪಶ್ಚಿಮಘಟ್ಟದ ಕಾಡಿನಲ್ಲಿ ನೆಲೆ ಕಂಡುಕೊಂಡು, ಕನ್ನಡ-ಕೊಂಕಣಿಗಳನ್ನಾಡುತ್ತ ಬಂದ ಜನ, ಆಫ್ರಿಕದ ಹಳ್ಳಿಯೊಂದು ಒಡೆದು ಚೂರಾದ ಕಥೆಯನ್ನು ಕನ್ನಡದಲ್ಲಿ ಆಡಿದರು. ಅಂದು ಅತಿಥಿಯಾಗಿ ಹೋದದ್ದು ಹೆಗ್ಗೋಡೇ, ಮಾತನಾಡಿದವರು ಅವರು.

ಪರದೇಶದ ಹಣದಿಂದ ನಡೆದ ಯೋಜನೆಗಳಿಗೆ ಒಂದು ಸಾಮಾನ್ಯ ವಿಧಿಯಿದೆ: ಹಣ ನಿಂತ ದಿನ ಯೋಜನೆಯೂ ನಿಲ್ಲುತ್ತದೆ, ಬೋರ್ಡು ಮಾತ್ರ ಉಳಿಯುತ್ತದೆ. ಇಲ್ಲಿ ಹಾಗಾಗಲಿಲ್ಲ. ೧೯೮೫ರಲ್ಲಿ ‘ತಿರುಗಾಟ’ ಹೊರಟಿತು. ಯಕ್ಷಗಾನ ಮೇಳಗಳ ಸಂಚಾರಕ್ಕೆ ಸಲ್ಲುವ ಮಾತನ್ನೇ ಹೊಸ ನಾಟಕ ತಂಡಕ್ಕೆ ಇಟ್ಟದ್ದು ಅರ್ಥವತ್ತಾಗಿದೆ. ಮಳೆಗಾಲವೆಲ್ಲ ತಾಲೀಮು, ಮಳೆ ಕಳೆದ ಮೇಲೆ ಎರಡು ಮೂರು ನಾಟಕಗಳನ್ನು, ಅವುಗಳ ರಂಗಸಜ್ಜಿಕೆ, ದೀಪ, ವೇಷಗಳೊಡನೆ ಬಸ್ಸಿಗೆ ಹೇರಿಕೊಂಡು ನಾಲ್ಕು ತಿಂಗಳು ಕರ್ನಾಟಕವನ್ನೆಲ್ಲ ಸುತ್ತುವುದು. ಶೇಕ್ಸ್‌ಪಿಯರ್, ಬ್ರೆಕ್ಟ್, ಕಾಳಿದಾಸರು ತಾಲ್ಲೂಕು ಕೇಂದ್ರಗಳ ಶಾಲಾ ಮೈದಾನಗಳಲ್ಲಿ ಕನ್ನಡದಲ್ಲಿ ಮಾತನಾಡಿದರು. ಪು. ತಿ. ನರಸಿಂಹಾಚಾರ್ಯರ ‘ಗೋಕುಲ ನಿರ್ಗಮನ’ವನ್ನು ಬಿ. ವಿ. ಕಾರಂತರು ಈ ತಂಡಕ್ಕೆ ನಿರ್ದೇಶಿಸಿದ್ದನ್ನು ಕಂಡವರು ಈಗಲೂ ಆ ಸಂಗೀತವನ್ನು ನೆನೆಯುತ್ತಾರೆ. ಊರಿಗೆ ಬಂದ ತಂಡಕ್ಕೆ ಅನ್ನ, ವಸತಿಗಳ ಏರ್ಪಾಡು ಅಲ್ಲಿನ ಸ್ಥಳೀಯ ಸಂಘದ್ದು. ಒಂದು ಸಂಘವನ್ನು ಬದುಕಿಸಲು ನೂರು ಸಂಘಗಳು ಬೇಕಾದವು. ಆ ನೂರರಲ್ಲಿ ಎಷ್ಟೋ ಸಂಘಗಳಿಗೆ ವರುಷಕ್ಕೊಮ್ಮೆ ಎಚ್ಚರವಾಗಲು ಇದೇ ಕಾರಣವೂ ಆಯಿತು.

ಕಷ್ಟಗಳೂ ಇಲ್ಲದಿಲ್ಲ. ದೂರದರ್ಶನ ಬಂದ ಮೇಲೆ ಸಂಜೆಯ ಹೊತ್ತು ಮನೆಯಿಂದೇಳುವುದಕ್ಕೆ ಜನರಿಗೆ ಆಲಸ್ಯ ಹತ್ತಿತು. ಈಗಿನ ಕಾಲದಲ್ಲಿ ಅಂಗೈಯೊಳಗೇ ಸಿನಿಮಾ. ತೋಟದ ಮನೆಗಳ ಮಕ್ಕಳು ಬೆಂಗಳೂರಿಗೆ ಹೋಗಿ ನೆಲೆಸಿದ್ದಾರೆ. ಎಷ್ಟೋ ಜಗಲಿಗಳಲ್ಲಿ ಮುದುಕರಿಬ್ಬರು ಮಾತ್ರ. ಮಳೆಗಾಲದ ಕೊಳೆರೋಗ ಒಂದೇ ವಾರದಲ್ಲಿ ವರುಷದ ಫಸಲನ್ನು ನೆಲಕ್ಕೆ ಕೆಡಹಬಲ್ಲದು. ಆ ವರುಷ ಯಾವ ಸಂಘಕ್ಕೂ ಚಂದಾ ಕೇಳಲು ನಾಲಗೆ ಏಳದು. ಸುಬ್ಬಣ್ಣನವರು ೨೦೦೫ರಲ್ಲಿ ತೀರಿಕೊಂಡರು, ಅನಂತಮೂರ್ತಿಯವರು ೨೦೧೪ರಲ್ಲಿ. ಸುಬ್ಬಣ್ಣನವರ ಮಗ, ನಾಟಕಕಾರ ಹಾಗೂ ನಿರ್ದೇಶಕ ಕೆ. ವಿ. ಅಕ್ಷರ ಅವರೂ ಸಂಗಡಿಗರೂ ಕೆಲಸವನ್ನು ಮುಂದಕ್ಕೆ ನಡೆಸಿದರು. ಇವೆಲ್ಲಕ್ಕಿಂತ ಸೂಕ್ಷ್ಮವಾದ ಕಷ್ಟವೊಂದುಂಟು. ಕೀರ್ತಿ ಬೆಳೆದಂತೆ ದೂರದ ಪಟ್ಟಣಗಳಿಂದ ಬರುವವರ ಸಂಖ್ಯೆಯೂ ಬೆಳೆಯಿತು. ಶಿಬಿರದ ಸಂಜೆಗಳಲ್ಲಿ ಒಳ್ಳೆಯ ಜಾಗವೆಲ್ಲ ದೂರದೂರುಗಳಿಂದ ಬಂದವರಿಗೇ ತುಂಬಿಹೋದರೆ, ನಾಲ್ಕು ಫರ್ಲಾಂಗು ದೂರದ ಮನೆಯವನು ತನ್ನ ಸಂಘದಲ್ಲಿ ತಾನೇ ಅತಿಥಿಯಾಗಬೇಕಾಗುತ್ತದೆ.

ನಾಟಕ ಮುಗಿಯುವಾಗ ಹೊರಗೆ ಕಗ್ಗತ್ತಲು. ಶಿಬಿರಕ್ಕೆ ಬಂದವರು ಚಪ್ಪಲಿ ಹುಡುಕುತ್ತ, ಇನ್ನೂ ನಾಟಕದ ಮಾತಿನಲ್ಲಿಯೇ ಇರುವಾಗ, ಊರಿನವರು ಸದ್ದಿಲ್ಲದೆ ಚದುರುತ್ತಾರೆ. ಕೆಲವರು ಮೋಟಾರು ಸೈಕಲ್ಲಿನ ಮೇಲೆ, ಕೆಲವರು ಬ್ಯಾಟರಿ ಹಿಡಿದು ಕಾಲ್ನಡಿಗೆಯಲ್ಲಿ. ಸ್ವಲ್ಪ ಹೊತ್ತಿನವರೆಗೆ ಆ ಬೆಳಕಿನ ಚುಕ್ಕೆಗಳು ಗುಡ್ಡದ ಓರೆಯಲ್ಲಿ ಒಂದೊಂದಾಗಿ ಇಳಿದು ತೋಟಗಳೊಳಗೆ ಮರೆಯಾಗುವುದು ರಂಗಮಂದಿರದ ಅಂಗಳದಿಂದ ಕಾಣಿಸುತ್ತದೆ. ಮರುದಿನ ಬೆಳಿಗ್ಗೆ ಸಾಗರದ ಬಸ್ಸಿಗೆ ಕಾದು ನಿಂತ ಪಟ್ಟಣದ ವಿದ್ವಾಂಸನ ಪಕ್ಕದಲ್ಲಿ ಕತ್ತಿ ಸಿಕ್ಕಿಸಿಕೊಂಡ ಕೊನೆಗೌಡನೊಬ್ಬ ನಿಂತು, ಹಿಂದಿನ ರಾತ್ರಿಯ ರಾಜನು ಮೂರನೆಯ ಅಂಕದಲ್ಲಿ ಅಷ್ಟು ಬೇಗ ಸೋಲಬಾರದಿತ್ತೆಂದು ವಾದ ಹೂಡಿದರೆ ವಿದ್ವಾಂಸನು ಬಸ್ಸು ಬರುವುದರೊಳಗೆ ಉತ್ತರ ಹುಡುಕಬೇಕು.