ತುಂಗಭದ್ರೆಯ ಮೇಲೊಂದು ಹರಿಗೋಲಿನ ಹಗಲು

ದಾವಣಗೆರೆಯಿಂದ ಸುಮಾರು 14 ಕಿಲೋಮೀಟರ್ ದೂರದ ಹರಿಹರದಲ್ಲಿ, ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇಗುಲದ ಬಳಿ ಹರಿಯುವ ತುಂಗಭದ್ರೆ ಹಾಯಿ ಬಿಚ್ಚುವ ನದಿಯಲ್ಲ. ಮಳೆಗಾಲದಲ್ಲಿ ದಂಡೆ ತುಂಬಿ ಕೆಂಪಾಗಿ ನುಗ್ಗುವ ಈ ನೀರು ಬೇಸಗೆಯ ಹೊತ್ತಿಗೆ ಬಂಡೆ, ಮರಳು ಮತ್ತು ಮಡುಗಳಾಗಿ, ಅಂದರೆ ಹರಿವು ತಗ್ಗಿದಾಗಲೂ ಬತ್ತದೆ ನಿಲ್ಲುವ ಆಳದ ಗುಂಡಿಗಳಾಗಿ, ಒಡೆದು ಹೋಗುವುದರಿಂದ ಇಲ್ಲಿನ ಜಲವಿಹಾರಕ್ಕೆ ಹರಿಗೋಲಿಗಿಂತ ತಕ್ಕ ವಾಹನ ಮತ್ತೊಂದಿಲ್ಲ.

ಸೀಳಿದ ಬಿದಿರಿನ ದೆಬ್ಬೆಗಳನ್ನು ಅಡ್ಡಡ್ಡಲಾಗಿ ಹೆಣೆದು, ಅಂಚಿಗೆ ಬಿದಿರನ್ನೇ ಬಳೆಯಾಗಿ ಬಾಗಿಸಿ ಬಿಗಿದು, ಹೊರಮೈಗೆ ಹಿಂದೆ ಚರ್ಮವನ್ನೂ ಈಗ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸಿದರೆ ಹರಿಗೋಲು ಸಿದ್ಧವಾಗುತ್ತದೆ. ದೋಣಿಯ ತಳದುದ್ದಕ್ಕೂ ಇದ್ದು ಅದನ್ನು ನೇರ ದಾರಿಯಲ್ಲಿ ಹಿಡಿದಿಡುವ ಅಡಿಮರ ಇದಕ್ಕಿಲ್ಲವಾದ್ದರಿಂದ ಮೊಳಕಾಲುದ್ದ ನೀರಿನಲ್ಲೂ ಇದು ತೇಲುತ್ತದೆ. ಅದೇ ಕಾರಣಕ್ಕೆ ಹುಟ್ಟನ್ನು ಒಂದೇ ಬದಿಗೆ ಎಳೆದರೆ ನಿಂತಲ್ಲೇ ತಿರುಗುತ್ತದೆ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಇದೇ ನದಿಯ ಕೆಳಪಾತ್ರದಲ್ಲಿ ಹದಿನೈದಿಪ್ಪತ್ತು ಜನರನ್ನು ಹೊರುವ ಚರ್ಮಹೊದಿಕೆಯ ದುಂಡು ದೋಣಿಗಳನ್ನು ಕಂಡು, ಅವು ನೇರವಾಗಿ ಸಾಗಲಾರದೆ ಸುತ್ತುತ್ತಲೇ ಇರುತ್ತವೆಂದು ಬರೆದಿದ್ದಾನೆ. ಅವನ ನೋಟ ಸರಿಯಾದುದೇ ಆದರೂ ಅಂಬಿಗನ ಕೈಚಳಕ ಅದರಲ್ಲಿ ಬಿಟ್ಟುಹೋಗಿದೆ. ನುರಿತ ಅಂಬಿಗನು ಮುಂದಿನ ಅಂಚಿಗೆ ಬಾಗಿ, ಹುಟ್ಟನ್ನು ತನ್ನತ್ತ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸೆಳೆಯುತ್ತ, ಒಂದು ಸೆಳೆತದಿಂದ ಹುಟ್ಟಿದ ತಿರುವನ್ನು ಮರುಸೆಳೆತದಿಂದ ಅಳಿಸುತ್ತ ಸಾಗುತ್ತಾನೆ. ತುಯ್ದಾಟದ ಈ ನಡಿಗೆಯಲ್ಲಿ ಒಗ್ಗಿದ ಮೈಗೆ ದೊರೆಯುವ ಸುಖವನ್ನು ಯಂತ್ರದ ದೋಣಿ ಎಂದೂ ಕೊಡಲಾರದು.

ಮಳೆ ನಿಂತು ನೀರು ತಿಳಿಯಾಗುವ ಚಳಿಗಾಲವೇ ಇದಕ್ಕೆ ಸೂಕ್ತ ಕಾಲ. ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ನದಿಗೆ ನೀರು ಬಿಟ್ಟ ಸುದ್ದಿಯಿರುವ ದಿನ ಹರಿಗೋಲು ದಡ ಬಿಡಬಾರದು. ಗಾಳಿ ಏಳುವ ಮುನ್ನ ಹೊರಟು ಸೆಳವಿನೊಂದಿಗೆ ಇಳಿಯುತ್ತ, ನೀರಿನ ಮೇಲ್ಮೈ ಸುಕ್ಕುಗಟ್ಟಿದಲ್ಲಿ ಅಡಿಯ ಬಂಡೆಯನ್ನೂ, ನುಣುಪಾಗಿ ಕಪ್ಪೇರಿದಲ್ಲಿ ಮಡುವನ್ನೂ ಗುರುತಿಸುವುದೇ ಈ ಪಯಣದ ನಿಜವಾದ ವಿದ್ಯೆ. ಮಧ್ಯಾಹ್ನಕ್ಕೆ ನದಿಯ ನಡುವಿನ ಯಾವುದಾದರೊಂದು ಮರಳ ನಡುಗಡ್ಡೆ ಸಿಕ್ಕರೆ ಲಂಗರಿನ ಹಂಗಿಲ್ಲ: ಹರಿಗೋಲನ್ನು ಮೇಲೆಳೆದು ಮಗ್ಗುಲಾಗಿ ನಿಲ್ಲಿಸಿದರೆ ಅದರ ನೆರಳೇ ಊಟದ ಮನೆಯಾಗುತ್ತದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬೆಳ್ಳಕ್ಕಿಗಳ ಸಾಲು, ಸುತ್ತ ಹರಿವ ನೀರು. ಇಷ್ಟು ನೆಮ್ಮದಿಯ ತಂಗುದಾಣ ಸಮುದ್ರದ ದ್ವೀಪಗಳಲ್ಲಿಯೂ ಅಪರೂಪವೇ. ಮರಳು ಎತ್ತುವ ಕೆಲಸದಿಂದ ಇಂಥ ದಿಬ್ಬಗಳು ಕರಗುತ್ತಿರುವುದು ನದಿಗೆ ಆಗುತ್ತಿರುವ ದೊಡ್ಡ ನಷ್ಟ.

ಇದೇ ಪಾತ್ರದ ಕೆಳಭಾಗದಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರವು 12ನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ನೆನಪನ್ನು ಹೊತ್ತಿದೆ. ಬಹುಪಾಲು ಶರಣರು ಇಷ್ಟದೈವದ ಹೆಸರನ್ನು ಅಂಕಿತವಾಗಿ ಬಳಸಿದಾಗ ಅವನು ತನ್ನ ಹೆಸರನ್ನೂ ಕಸುಬನ್ನೂ ಕೂಡಿಸಿ ಅಂಕಿತವಾಗಿಸಿಕೊಂಡದ್ದರಲ್ಲಿ ಹುಟ್ಟು ಹಿಡಿದ ಕೈಯ ಅಭಿಮಾನ ಎದ್ದು ಕಾಣುತ್ತದೆ.

ಸೆಳವಿಗೆ ಎದುರಾಗಿ ಹರಿಗೋಲನ್ನು ಬಹುದೂರ ನಡೆಸಲಾಗದು. ಬಾಬಿಲೋನಿಗೆ ದುಂಡು ದೋಣಿಗಳಲ್ಲಿ ಸರಕು ತರುತ್ತಿದ್ದವರು ಅಲ್ಲಿಯೇ ಹಂದರವನ್ನು ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿಕೊಂಡು ನಡೆದೇ ಊರಿಗೆ ಮರಳುತ್ತಿದ್ದರೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುತ್ತಾನೆ. ತುಂಗಭದ್ರೆಯ ಅಂಬಿಗನಿಗೆ ಮಾರುವ ಅಗತ್ಯ ಬೀಳುವುದಿಲ್ಲ. ಹರಿಗೋಲನ್ನು ತಲೆಯ ಮೇಲೆ ಬೋರಲು ಹೊತ್ತು, ಗದ್ದೆಯ ಬದು ಹಿಡಿದು ರಸ್ತೆಗೆ ಬಂದು, ಹರಿಹರದ ಕಡೆ ಹೊರಟ ಟ್ರ್ಯಾಕ್ಟರ್ ಒಂದರ ಮೇಲೆ ಅದನ್ನು ಕಟ್ಟಿಸುತ್ತಾನೆ.