ಗೆದ್ದ ಮೇಲೂ ಸಾಯುವವರು

ಮಾಕಳಿ ಎಂಬ ಊರು ನಿಮಗೆ ಗೊತ್ತಿಲ್ಲದಿದ್ದರೂ ನಿಮ್ಮ ಬಚ್ಚಲುಮನೆಗೆ ಗೊತ್ತಿರುವ ಸಂಭವವಿದೆ. ಹಿಮಾಲಯ ಕಂಪನಿಯ ಟೂತ್‌ಪೇಸ್ಟೋ ಬೇವಿನ ಫೇಸ್‌ವಾಶೋ ಕೈಗೆ ಸಿಕ್ಕರೆ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ ನೋಡಿ. ಕಂಪನಿಯ ವಿಳಾಸದಲ್ಲಿ ನಮ್ಮೂರಿನ ಹೆಸರು ಕುಳಿತಿರುತ್ತದೆ. ತುಮಕೂರು ರಸ್ತೆಯಲ್ಲಿ ಪೀಣ್ಯ ದಾಟಿ, ಎಂಟನೇ ಮೈಲಿ ದಾಟಿ, ಮಾದಾವರದ ವಸ್ತುಪ್ರದರ್ಶನ ಕೇಂದ್ರವನ್ನೂ ದಾಟಿ, ನೆಲಮಂಗಲ ಇನ್ನೇನು ಬಂತು ಅನ್ನುವಾಗ ಸಿಗುವ ಊರು. 2024ರ ನವೆಂಬರಿನಲ್ಲಿ ಮೆಟ್ರೊ ಮಾದಾವರದವರೆಗೆ ಬಂದು ನಿಂತಿತು. ಅಲ್ಲಿಂದಾಚೆ ಲಾರಿಗಳದ್ದೇ ರಾಜ್ಯ. ಇಂಥ ಊರಿನ ಒಂದು ಬಾಡಿಗೆ ಕೋಣೆಯಲ್ಲಿ, ಸೆಕೆಂಡ್ ಶಿಫ್ಟ್ ಮುಗಿಸಿ ಬಂದು, ಅನ್ನಕ್ಕೆ ಮೊಸರು ಕಲಸಿಕೊಂಡು ಉಂಡು, ನಾನು ಫ್ರಾನ್ಸ್ ದೇಶವನ್ನು ಇಂಗ್ಲಿಷರಿಂದ ಬಿಡಿಸಿದ್ದೇನೆ.

ಬಿಡಿಸಿದ್ದು ಕಂಪ್ಯೂಟರಿನಲ್ಲಿ. ಆಟದ ಹೆಸರು ‘ಏಜ್ ಆಫ್ ಎಂಪೈರ್ಸ್ ಟೂ’. ಅಮೆರಿಕದ ಡಲ್ಲಾಸ್‌ನ ಎನ್ಸೆಂಬಲ್ ಸ್ಟುಡಿಯೋಸ್ ಅದನ್ನು ಮಾಡಿದ್ದು 1999ರಲ್ಲಿ. ಮಾಡಿದ ಕಂಪನಿ 2009ರಲ್ಲಿ ಬಾಗಿಲು ಹಾಕಿತು. ಆಟ ಮಾತ್ರ 2013ರಲ್ಲೊಮ್ಮೆ, 2019ರಲ್ಲೊಮ್ಮೆ ಹೊಸ ಸುಣ್ಣಬಣ್ಣ ಬಳಿಸಿಕೊಂಡು ಇವತ್ತಿಗೂ ಗಟ್ಟಿಯಾಗಿ ನಡೆಯುತ್ತಿದೆ. ಈ ಜಾತಿಯ ಆಟಗಳಿಗೆ ರಿಯಲ್ ಟೈಮ್ ಸ್ಟ್ರಾಟೆಜಿ ಅನ್ನುತ್ತಾರೆ. ಚದುರಂಗದ ಮರ್ಯಾದೆ ಇಲ್ಲಿಲ್ಲ, ಸರದಿ ಎಂಬುದೇ ಇಲ್ಲ. ನೀವು ತಲೆ ಕೆರೆದುಕೊಳ್ಳುತ್ತಿರುವಾಗಲೂ ಶತ್ರು ತನ್ನ ಕುದುರೆಗೆ ಲಾಳ ಹೊಡೆಸುತ್ತಲೇ ಇರುತ್ತಾನೆ. ಕೈಯಲ್ಲಿ ಮೂರ್ನಾಲ್ಕು ಜನ ವಿಲೇಜರುಗಳು, ಒಂದು ಟೌನ್ ಸೆಂಟರ್. ಮರ ಕಡಿಸಬೇಕು, ಹೊಲ ಮಾಡಿಸಬೇಕು, ಚಿನ್ನ ಕಲ್ಲು ಅಗೆಸಬೇಕು. 500 ಊಟ ಕೂಡಿಟ್ಟರೆ ಒಂದು ಯುಗ ಮೇಲೇರಬಹುದು. 800 ಊಟಕ್ಕೂ 200 ಚಿನ್ನಕ್ಕೂ ಕೋಟೆಯ ಯುಗ. 1000 ಊಟ, 800 ಚಿನ್ನ ತೆತ್ತರೆ ಸಾಮ್ರಾಜ್ಯದ ಯುಗ. ಯುದ್ಧವನ್ನು ಗೆಲ್ಲಿಸುವುದು ಕತ್ತಿ ಎಂದು ತಿಳಿದವನು ಮೊದಲ ಅರ್ಧ ಗಂಟೆಯಲ್ಲೇ ಸೋಲುತ್ತಾನೆ. ಗೆಲ್ಲಿಸುವುದು ಸೌದೆ.

ಇದನ್ನು ಗೆಳೆಯರ ಜೊತೆ ಆಡುವವರದ್ದೇ ಒಂದು ಪಂಗಡ. ಅವರಿಗೆ ವೇಗ ಬೇಕು, ಬೆರಳು ಚುರುಕಿರಬೇಕು. ನಾನು ಕ್ಯಾಂಪೇನ್ ಪಂಗಡದವನು. ಒಬ್ಬ ವೀರನ ಕಥೆಯನ್ನು ಹಿಡಿದು ಮಿಷನ್ ಮೇಲೆ ಮಿಷನ್ ಸಾಗುವುದು ಕ್ಯಾಂಪೇನ್. ಜೋನ್ ಆಫ್ ಆರ್ಕ್, ಸಲಾದಿನ್, ಚೆಂಗಿಸ್ ಖಾನ್, ಬಾರ್ಬರೋಸಾ, ಒಬ್ಬೊಬ್ಬರಿಗೂ ಆರಾರು ಮಿಷನ್. ನಡುನಡುವೆ ಹಳೆಯ ಚರ್ಮದ ಹಾಳೆಯ ಮೇಲೆ ಬರೆದಂಥ ಚಿತ್ರಗಳು ಬರುತ್ತವೆ, ಒಬ್ಬ ಕಥೆಗಾರ ದಣಿದ ದನಿಯಲ್ಲಿ ಮುಂದಿನದನ್ನು ಹೇಳುತ್ತಾನೆ. ಶುರುವಿನಲ್ಲೇ ಆಟ ಒಂದು ಪ್ರಶ್ನೆ ಕೇಳುತ್ತದೆ: ಸುಲಭವೋ, ಸಾಧಾರಣವೋ, ಹಾರ್ಡೋ? ಶಿಫ್ಟಿನುದ್ದಕ್ಕೂ ಮೈಕ್ರೋಮೀಟರ್ ಹಿಡಿದು ನಿಂತು, ಬೇರೆಯವರ ತಪ್ಪಿಗೆ ಮೇಲಿನವರಿಂದ ಬೈಸಿಕೊಂಡು ಬಂದ ಮನುಷ್ಯ, ಯಾರ ಒತ್ತಾಯವೂ ಇಲ್ಲದೆ, ಸಂಬಳವೂ ಇಲ್ಲದೆ, ಹಾರ್ಡ್ ಒತ್ತುತ್ತಾನೆ. ಯಾಕೆ?

ನಮ್ಮ ಓನರ್ ಆಂಟಿಗೆ ಅದಕ್ಕೊಂದು ಉತ್ತರವಿತ್ತು: ಮದುವೆ ಆಗದಿದ್ದರೆ ಹೀಗೇ. ನಾನು ಬೇರೆ ಉತ್ತರ ಹುಡುಕುತ್ತಿದ್ದೆ.

ಕಷ್ಟದ ಮಿಷನ್ ಅಂದರೆ ಶತ್ರು ಬಲಶಾಲಿ ಎಂದಷ್ಟೇ ಅಲ್ಲ. ಹಾಗಿದ್ದರೆ ನಾವೂ ಬಲ ಕೂಡಿಸಿಕೊಂಡರೆ ಮುಗಿಯಿತು. ಚೆನ್ನಾಗಿ ಕಟ್ಟಿದ ಮಿಷನ್ ನಿಮ್ಮಿಂದ ಏನನ್ನೋ ಕಿತ್ತುಕೊಳ್ಳುತ್ತದೆ. ಇಂಗ್ಲಿಷರ ವಿರುದ್ಧ ಫ್ರಾನ್ಸಿನ ದಂಡು ನಡೆಸಿದ ಹುಡುಗಿ ಜೋನ್. ಅವಳ ಮೊದಲ ಮಿಷನ್ನಿನಲ್ಲೇ ಊರಿಲ್ಲ, ಹೊಲವಿಲ್ಲ. ಅವಳನ್ನು ವೋಕುಲರ್‌ನಿಂದ ಶಿನೋನ್ ಕೋಟೆಯವರೆಗೆ ಜೀವಸಹಿತ ತಲುಪಿಸಬೇಕು. ಐದನೆಯದು ಪ್ಯಾರಿಸ್ ಮುತ್ತಿಗೆ. ಅಲ್ಲಿಯೂ ಒಬ್ಬ ವಿಲೇಜರ್ ಸಿಗುವುದಿಲ್ಲ. ಕೊಟ್ಟಷ್ಟೇ ಸೈನ್ಯ, ಸತ್ತವನ ಜಾಗಕ್ಕೆ ಇನ್ನೊಬ್ಬನನ್ನು ಹುಟ್ಟಿಸಲು ಬ್ಯಾರಕ್ ಇಲ್ಲ. ನಗರದೊಳಗೆ ನುಗ್ಗಿ ನಿರಾಶ್ರಿತರನ್ನು ಕೂಡಿಕೊಂಡು ಕೊಂಪಿಯೆನ್ ಊರಿಗೆ ಸಾಗಿಸಬೇಕು. ಫ್ರಾನ್ಸಿನ ರಾಜನ ಸಹಾಯ ಬರುತ್ತದೆ ಎಂದು ನಂಬಿ ಕುಳಿತವನಿಗೆ ರಾಜರು ಎಷ್ಟು ನೆನೆಯುತ್ತಾರೆ ಎಂಬುದೂ ಗೊತ್ತಾಗುತ್ತದೆ. ಇತಿಹಾಸದಲ್ಲಿ ನಡೆದದ್ದೂ ಹೆಚ್ಚುಕಡಿಮೆ ಅದೇ. 1429ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ ಗೋಡೆಯ ಕೆಳಗೆ ಜೋನಳ ತೊಡೆಗೆ ಬಾಣ ನಾಟಿತು. ಮಾರನೆಯ ದಿನವೂ ಹೋರಾಡಲು ಅವಳು ಸಿದ್ಧಳಿದ್ದಳು, ರಾಜ ಹಿಂದಕ್ಕೆ ಕರೆಸಿಕೊಂಡ. ಆಟ ಕಟ್ಟಿದವರು ಆ ರಾಜನ ಜಿಪುಣತನವನ್ನು ಭಾಷಣ ಮಾಡಿ ಹೇಳಲಿಲ್ಲ, ಬ್ಯಾರಕ್ ಕೊಡದೆ ಹೇಳಿದರು.

ಬರಗಾಲದಲ್ಲಿ ಕೈ ಬಿಗಿಯಾಗುತ್ತದೆ, ಕಣ್ಣು ತೆರೆಯುತ್ತದೆ. ಹತ್ತಿಪ್ಪತ್ತು ಜನರಷ್ಟೇ ಇರುವಾಗ ಪ್ರತಿಯೊಬ್ಬ ಬಿಲ್ಲುಗಾರನ ಮೇಲೂ ಪ್ರೀತಿ ಹುಟ್ಟುತ್ತದೆ. ಈಟಿಯವನು ಕುದುರೆಗೆ ಯಮ, ಕುದುರೆ ಬಿಲ್ಲುಗಾರನಿಗೆ ಯಮ, ಬಿಲ್ಲುಗಾರ ಕಾಲಾಳಿಗೆ ಯಮ ಎಂಬ ಸೂತ್ರ ಬರಿಯ ಬಾಯಿಪಾಠವಾಗಿ ಉಳಿಯುವುದಿಲ್ಲ. ಯಾರನ್ನು ಮುಂದೆ ಬಿಡಬೇಕು, ಯಾರನ್ನು ಮರದ ಹಿಂದೆ ಅಡಗಿಸಬೇಕು ಎಂಬ ಚಿಂತೆಯಾಗುತ್ತದೆ. ಜೋನಳನ್ನು ಎಲ್ಲರಿಗಿಂತ ಹಿಂದೆ ಇರಿಸಬೇಕು, ಆದರೆ ತೀರ ಹಿಂದೆ ಬಿಟ್ಟರೆ ಹಿಂದಿನಿಂದ ಬರುವ ಸವಾರರ ಬಾಯಿಗೆ ಬೀಳುತ್ತಾಳೆ. ಅವಳು ಸತ್ತರೆ ಮಿಷನ್ ಸತ್ತಿತು. ಹೀಗೆ ಇಡೀ ರಾತ್ರಿ ಒಂದು ಹುಡುಗಿಯ ಜೀವ ಕಾಯುವುದೇ ಕೆಲಸ.

ಸೋತರೆ ಮತ್ತೆ ಲೋಡ್ ಮಾಡಬಹುದು. ಇಲ್ಲೊಂದು ತಮಾಷೆ ಇದೆ. ಶತ್ರುವಿಗೆ ಹೊಸ ಬುದ್ಧಿ ಇರುವುದಿಲ್ಲ. ಹೋದ ಸಲ ಯಾವ ತಿರುವಿನಲ್ಲಿ ಹೊಂಚು ಹಾಕಿದ್ದನೋ ಈ ಸಲವೂ ಅಲ್ಲೇ ಹಾಕುತ್ತಾನೆ. ಸೇತುವೆಯಾಚೆ ಗೋಪುರ ಇದೆಯೆಂದು ಮೊದಲ ಸಲ ಪ್ರಾಣ ಕೊಟ್ಟು ತಿಳಿದುಕೊಂಡವನು ಮುಂದಿನ ಸಲ ಮಹಾ ಸೇನಾಪತಿಯ ಗತ್ತಿನಲ್ಲಿ ಬಳಸಿ ಹೋಗುತ್ತಾನೆ. ಹೊರಗಿನಿಂದ ನೋಡುವವರಿಗೆ ತಂತ್ರಗಾರಿಕೆ. ಒಳಗೆ ಇರುವುದು ಬರಿಯ ನೆನಪು. ಕೊನೆಗೆ ಮಿಷನ್ ಗೆದ್ದಾಗ ನಾನು ಪಡೆದ ಜಯದಲ್ಲಿ ಶೌರ್ಯ ಕಾಲುಪಾಲು, ಭವಿಷ್ಯ ಗೊತ್ತಿದ್ದದ್ದು ಮುಕ್ಕಾಲುಪಾಲು. ಜೋನಳಿಗೂ ದೇವದೂತರು ಮುಂದಾಗುವುದನ್ನು ಹೇಳುತ್ತಿದ್ದರಂತೆ. ಅವಳ ಪಾಲಿನ ದೇವದೂತ ನಾನೇ ಎಂದು ನಡುರಾತ್ರಿ ಮೇಲೆ ಅನ್ನಿಸುವುದುಂಟು.

ಆದರೆ ಈ ದೇವದೂತನಿಗೆ ಅಧಿಕಾರ ಕಡಿಮೆ. ನಿರಾಶ್ರಿತರನ್ನು ಕೊಂಪಿಯೆನ್ ಸೇರಿಸುತ್ತೀರಿ, ಜೋನ್ ಬದುಕಿದ್ದಾಳೆ, ಪರದೆಯ ಮೇಲೆ ಜಯಘೋಷ. ಆಮೇಲೆ ಚರ್ಮದ ಹಾಳೆ ಬಿಚ್ಚಿಕೊಳ್ಳುತ್ತದೆ. ಅದೇ ಕೊಂಪಿಯೆನ್ನಿನ ಬಾಗಿಲಲ್ಲಿ, 1430ರ ಮೇ 23ರಂದು ಅವಳು ಇಂಗ್ಲಿಷರ ಮಿತ್ರರಾದ ಬರ್ಗಂಡಿಯವರ ಕೈಗೆ ಸಿಕ್ಕಿಬಿದ್ದಳು. 1431ರ ಮೇ 30ರಂದು ರುವಾನ್ ಪಟ್ಟಣದಲ್ಲಿ ಅವಳನ್ನು ಸುಟ್ಟರು. ವಯಸ್ಸು ಹತ್ತೊಂಬತ್ತರ ಆಸುಪಾಸು. ಆರನೆಯ ಮಿಷನ್ 1453ರ ಕಾಸ್ಟಿಯೋನ್ ಕದನ. ಅಲ್ಲಿ ಜೋನ್ ಇಲ್ಲ, ಅವಳ ಹೆಸರಿದೆ.

ಇದು ಜೋನಳೊಬ್ಬಳ ಗತಿಯಾಗಿದ್ದರೆ ಬಿಡಬಹುದಿತ್ತು. ಬಾರ್ಬರೋಸಾನನ್ನು ಕಾನ್‌ಸ್ಟಾಂಟಿನೋಪಲ್ ದಾಟಿಸಲು ಬೆವರು ಸುರಿಸಿದರೆ, ಮುಂದಿನ ಚಿತ್ರದಲ್ಲಿ ಆ ಚಕ್ರವರ್ತಿ 1190ರ ಜೂನ್‌ನಲ್ಲಿ ಸಲೇಫ್ ನದಿಯಲ್ಲಿ ಮುಳುಗಿ ಸತ್ತಿರುತ್ತಾನೆ. ಕೊನೆಯ ಮಿಷನ್ನಿನಲ್ಲಿ ಅವನ ಹೆಣವನ್ನು ಪೀಪಾಯಿಯಲ್ಲಿಟ್ಟು ಜೆರೂಸಲೇಮಿಗೆ ಹೊತ್ತೊಯ್ಯಬೇಕು. ಚೆಂಗಿಸ್ ಖಾನ್ ತನ್ನ ಹೆಸರಿನ ಕಥೆ ಮುಗಿಯುವ ಮೊದಲೇ ತೀರಿಕೊಂಡು ಮಕ್ಕಳಿಗೆ ಯೂರೋಪನ್ನು ಬಿಟ್ಟು ಹೋಗುತ್ತಾನೆ. ಸ್ಪೇನಿನ ಎಲ್ ಸಿದ್ ಕೊನೆಯ ಕದನಕ್ಕೆ ಬರುವುದು ಹೆಣವಾಗಿ, ಕುದುರೆಯ ಮೇಲೆ ಕಟ್ಟಿಸಿಕೊಂಡು. ಎಲ್ಲ ಕದನಗಳನ್ನೂ ಗೆಲ್ಲುವುದು ನನ್ನ ಪಾಲು. ಗೆದ್ದವರನ್ನು ಮಿಷನ್ನುಗಳ ನಡುವಿನ ಸಂದಿಯಲ್ಲಿ, ನನ್ನ ಮೌಸ್ ತಲುಪದ ಜಾಗದಲ್ಲಿ ಕೊಲ್ಲುವುದು ಇತಿಹಾಸದ ಪಾಲು.

ಹಾಗಿದ್ದ ಮೇಲೆ ಹಾರ್ಡ್ ಯಾಕೆ? ಇದಕ್ಕೆ ಅರ್ಧ ಉತ್ತರ ಸಿಕ್ಕಿದ್ದು ತುಮಕೂರು ರಸ್ತೆಯ ಬದಿಯಲ್ಲೇ. ನೆಲಮಂಗಲ, ಮಾಗಡಿ, ತುಮಕೂರು ಸೀಮೆಯಲ್ಲಿ ಸುಗ್ಗಿ ಮುಗಿದು ಜಾತ್ರೆ ಶುರುವಾದರೆ ‘ಕುರುಕ್ಷೇತ್ರ’ ನಾಟಕದ ಫ್ಲೆಕ್ಸ್‌ಗಳು ಏಳುತ್ತವೆ. ಕಿರೀಟ ತೊಟ್ಟವರ ಫೋಟೋ, ಕೆಳಗೆ ವೃತ್ತಿ: ರೈತರು, ಗುತ್ತಿಗೆದಾರರು, ಲಾರಿ ಮಾಲೀಕರು, ನಿವೃತ್ತ ಮೇಷ್ಟ್ರು. ಪಾತ್ರಕ್ಕೆ ಇಲ್ಲಿ ಸಂಭಾವನೆ ಇಲ್ಲ, ಪಾತ್ರ ಮಾಡುವವನೇ ಕೈಯಿಂದ ಹಣ ಹಾಕುತ್ತಾನೆ. ಸೀನರಿಗೆ, ಡ್ರೆಸ್ಸಿಗೆ, ಹಾರ್ಮೋನಿಯಂ ಮೇಷ್ಟ್ರಿಗೆ ಅವನದೇ ದುಡ್ಡು. ನಮ್ಮ ದೊಡ್ಡಪ್ಪ ಹೀಗೆ ಒಂದು ವರ್ಷ ದುರ್ಯೋಧನನ ಪಾತ್ರ ಹಿಡಿದರು. ತಿಂಗಳುಗಟ್ಟಲೆ ತಾಲೀಮು, ದನ ಕಟ್ಟುವಾಗಲೂ ಕಂದಪದ್ಯ, ಕರೆಂಟ್ ಬಿಲ್ ಕಟ್ಟುವ ಸಾಲಿನಲ್ಲೂ ಗದೆಯ ಮಾತು. ತೊಡೆ ಮುರಿಸಿಕೊಂಡು ಬೀಳುವ ಪಾತ್ರಕ್ಕೆ ಇಷ್ಟು ದುಡ್ಡು ಯಾಕೆ, ಗೆಲ್ಲುವ ಭೀಮನನ್ನು ಮಾಡಬಾರದೇ ಎಂದು ದೊಡ್ಡಮ್ಮ ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೇ: ‘ಬೀಳೋದು ಬೆಳಗಿನ ಜಾವಕ್ಕೆ ಕಣೇ. ಅಲ್ಲೀತಂಕ ರಾತ್ರಿಯೆಲ್ಲಾ ನಂದು.’

ಇದೇ ರಸ್ತೆ ಹಿಡಿದು ತುಮಕೂರಾಚೆ ಹೋದರೆ ಗುಬ್ಬಿ. ಆ ಊರಿನ ವೀರಣ್ಣನವರು ತಮ್ಮ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ಹತ್ತಿಸಿದ್ದರು. ಆನೆ ಬಂತೆಂದು ಕೌರವ ಗೆಲ್ಲಲಿಲ್ಲ. ಆದರೆ ಆನೆ ಇಳಿಸಿದ ಮೇಲೆ ಅವನ ಸೋಲು ಎಷ್ಟು ದೊಡ್ಡದೆಂದು ನೋಡಿದವರಿಗೆ ಗೊತ್ತಾಗಿರಬೇಕು. ನಾಟಕಕ್ಕೂ ಆಟಕ್ಕೂ ಒಂದು ವ್ಯತ್ಯಾಸ ಇದ್ದೇ ಇದೆ: ದೊಡ್ಡಪ್ಪನಿಗೆ ಸೇವ್ ಬಟನ್ ಇರಲಿಲ್ಲ. ಮರೆತ ಮಾತು ಇಡೀ ಊರಿನ ಮುಂದೆ ಮರೆತದ್ದೇ.

ಎದುರಾಳಿಯ ಕಡೆ ನಿಂತು ಆಡುವ ಯೋಗವೂ ನಮಗೆ ಬಂತು. 2022ರ ಏಪ್ರಿಲಿನಲ್ಲಿ ಇದೇ ಆಟಕ್ಕೆ ಭಾರತದ ರಾಜವಂಶಗಳ ಕಂತು ಸೇರಿತು. ಅದರಲ್ಲಿ ರಾಜೇಂದ್ರ ಚೋಳನ ಕ್ಯಾಂಪೇನ್ ಇದೆ. ದಕ್ಷಿಣದ ಜನಾಂಗಕ್ಕೆ ಆಟದಲ್ಲಿ ದ್ರಾವಿಡರೆಂದು ಹೆಸರು, ಆಡುವ ಮಾತು ತಮಿಳು, ಕೈಯಲ್ಲಿ ಉರುಮಿ ಕತ್ತಿ. ಕುದುರೆ ದಂಡು ಬಲು ಬಡ, ಅದೇ ಅವರಿಗೆ ಹಾಕಿದ ಬರಗಾಲ. ಆದರೆ ಯುಗ ಏರಿದಾಗಲೆಲ್ಲ 200 ಸೌದೆ ಉಚಿತ. ಈ ರಾಜೇಂದ್ರ ಕಲ್ಯಾಣ ಚಾಲುಕ್ಯರ ಜಯಸಿಂಹನನ್ನು ಸೋಲಿಸಿದೆನೆಂದು ಶಾಸನ ಹಾಕಿಸಿಕೊಂಡವನು. ಆ ಕದನದ ಜಾಗ ನಮ್ಮ ರಾಯಚೂರು ಸೀಮೆಯ ಮಸ್ಕಿ ಎನ್ನುತ್ತಾರೆ. ಕನ್ನಡದವನು ಚೋಳನಾಗಿ ಕುಳಿತು ಆಡುವಾಗ ಬೆರಳು ಅರೆಗಳಿಗೆ ತಡವರಿಸುವುದು ಸಹಜ. ಇಲ್ಲಿಂದ ಸ್ವಲ್ಪ ದೂರದ ಬಿನ್ನಮಂಗಲದಲ್ಲಿ ಮುಕ್ತಿನಾಥೇಶ್ವರ ದೇವಸ್ಥಾನವಿದೆ, ಕುಲೋತ್ತುಂಗ ಚೋಳನ ಕಾಲದ್ದು. ಆ ದಂಡು ಮೌಸ್ ಇಲ್ಲದೆಯೇ ಈ ದಾರಿಗೆ ಬಂದು ಹೋಗಿದೆ. ಯಾರ ಕಡೆ ಆಡಿದರೂ ಗೆದ್ದವರು ಉಳಿದಿಲ್ಲ, ಲಿಂಗಕ್ಕೆ ಮಾತ್ರ ಇವತ್ತಿಗೂ ನೀರು ಬೀಳುತ್ತಿದೆ.

ನನ್ನ ಓನರ್ ಆಂಟಿಯ ಮಗ, ಪಿಯುಸಿ ಹುಡುಗ, ಜೋನಳ ಕಥೆ ಕೇಳಿ ಕೆರಳಿದ. ಸುಲಭದ ಮಟ್ಟದಲ್ಲಿ ಶುರು ಮಾಡಿ, ಅದೂ ಸಾಲದೆ ಚೀಟ್ ಕೋಡ್ ಬಳಸಿದ. ಈ ಆಟದಲ್ಲಿ ‘ಹೌ ಡೂ ಯೂ ಟರ್ನ್ ದಿಸ್ ಆನ್’ ಎಂದು ಟೈಪ್ ಮಾಡಿದರೆ ಟೌನ್ ಸೆಂಟರ್ ಪಕ್ಕ ಒಂದು ಕೋಬ್ರಾ ಕಾರು ಹುಟ್ಟುತ್ತದೆ, ಬಂದೂಕು ಸಮೇತ. ಜೋನಳ ಎರಡನೆಯ ಮಿಷನ್ನಿನಲ್ಲಿ, ಹದಿನೈದನೆಯ ಶತಮಾನದ ಒರ್ಲಿಯಾನ್‌ನಲ್ಲಿ ಕಾರುಗಳ ಮೆರವಣಿಗೆ ನಡೆಯಿತು. ಇಂಗ್ಲಿಷರ ಕೋಟೆ ಧೂಳಾಯಿತು. ಟೌನ್ ಸೆಂಟರೇ ಇಲ್ಲದ ಪ್ಯಾರಿಸ್‌ನಲ್ಲಿ ಅವನು ‘ಐ ಆರ್ ವಿನ್ನರ್’ ಎಂಬ ಇನ್ನೊಂದು ಮಂತ್ರ ಹಾಕಿದ. ಒಂದು ಹೆಜ್ಜೆ ಇಡದೆ ಗೆದ್ದ. ಚರ್ಮದ ಹಾಳೆ ಎಂದಿನ ಹಾಗೆ ಬಿಚ್ಚಿಕೊಂಡಿತು. ಅವಳನ್ನು ಎಂದಿನ ಹಾಗೆ ಸುಟ್ಟರು.

‘ಸತ್ಲಾ? ಸರಿ, ಮುಂದಿನ ಮಿಷನ್ ಏನಣ್ಣ?’ ಎಂದ ಹುಡುಗ.

ನನಗೆ ಬೇಕಾಗಿದ್ದ ಉಳಿದರ್ಧ ಉತ್ತರವನ್ನು ಅವನು ತಿಳಿಯದೆಯೇ ಕೊಟ್ಟಿದ್ದ. ಅಂತ್ಯ ಇಬ್ಬರಿಗೂ ಒಂದೇ. ಆದರೆ ಅವಳನ್ನು ಮರದ ಹಿಂದೆ ಅಡಗಿಸಿ, ಒಬ್ಬ ಬಿಲ್ಲುಗಾರನನ್ನು ಕಳೆದುಕೊಂಡು ಹೊಟ್ಟೆಯುರಿಸಿಕೊಂಡು, ಬೆಳಗಿನ ಜಾವದವರೆಗೆ ಕಾದವನಿಗೆ ಆ ಬೆಂಕಿ ತನ್ನದೇ ಮನೆಗೆ ಬಿದ್ದದ್ದು. ಕಾರು ಓಡಿಸಿ ಬಂದವನಿಗೆ ಅದೊಂದು ಚಿತ್ರ. ಪಠ್ಯಪುಸ್ತಕದಲ್ಲಿ ಒಂದು ಇಸವಿಯಾಗಿ ಮಲಗಿದ್ದ ಸಾವಿಗೆ ಕಷ್ಟದ ಮಿಷನ್ ಬೆಲೆ ಕಟ್ಟುತ್ತದೆ. ಆ ಬೆಲೆಯನ್ನು ನಮ್ಮ ಕೈಯಿಂದಲೇ ವಸೂಲಿ ಮಾಡುತ್ತದೆ. ದೊಡ್ಡಪ್ಪ ದುರ್ಯೋಧನನಿಗೆ ದುಡ್ಡು ಸುರಿದದ್ದೂ ಇದೇ ಲೆಕ್ಕದಲ್ಲಿ.

ಇದನ್ನೆಲ್ಲ ಹುಡುಗನಿಗೆ ಹೇಳಲು ಹೋಗಲಿಲ್ಲ. ಕೋಡ್ ಹಾಕದೆ ಹಾರ್ಡ್‌ನಲ್ಲಿ ಒರ್ಲಿಯಾನ್ ಗೆದ್ದು ತೋರಿಸು, ಬಿರಿಯಾನಿ ನನ್ನದು ಎಂದೆ. ಈಗ ಅವನು ಅಲ್ಲಿ ಸಿಕ್ಕಿಬಿದ್ದಿದ್ದಾನೆ. ಓನರ್ ಆಂಟಿ ನನ್ನ ಮೇಲೆ ಸಿಟ್ಟಾಗಿದ್ದಾರೆ, ಅವನು ಇಂಗ್ಲಿಷರ ಮೇಲೆ ಸಿಟ್ಟಾಗಿದ್ದಾನೆ, ಮೊನ್ನೆ ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿ ಕೇಳಿದ: ‘ಅಣ್ಣ, ಆ ರಾಜ ಇನ್ನೊಂದ್ ಹತ್ತ್ ಜನ ಕಳ್ಸಿದ್ರೆ ಅವನಪ್ಪನ ಗಂಟು ಏನ್ ಹೋಗ್ತಿತ್ತು?’