ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ

ಆಸ್ಟಿನ್, ನೆವಾಡ

ಅಪ್ಪಯ್ಯ,

ಬೈಕಿನಲ್ಲಿ ಪಿಸ್ತೂಲು ಒಯ್ಯುತ್ತೇನೆ ಎಂದಿದ್ದಕ್ಕೆ ಅಮ್ಮ ಫೋನಿನಲ್ಲೇ ಅಳುವಂತಾದಳು. ಸಮಾಧಾನ ಹೇಳುವಷ್ಟರಲ್ಲಿ ಲೈನ್ ಕಡಿದುಹೋಯಿತು. ಅದಕ್ಕೇ ಈ ಕಾಗದ. ಅವಳಿಗೂ ಓದಿ ಹೇಳಿ.

ಯೂಟಾದಲ್ಲಿರುವ ಗೆಳೆಯನ ಜೊತೆ ಗುರಿ ಹೊಡೆಯುವ ಅಭ್ಯಾಸಕ್ಕೆ ಹೊರಟಿದ್ದೇನೆ. ಕ್ಯಾಲಿಫೋರ್ನಿಯಾದಲ್ಲಿ 7,382 ಅಡಿ ಎತ್ತರದ ಎಕೋ ಸಮಿಟ್ ಘಾಟಿ ದಾಟಿ, 50ನೇ ಹೆದ್ದಾರಿ ಹಿಡಿದು ನೆವಾಡಕ್ಕೆ ಬಂದೆ. 1986ರಲ್ಲಿ ಲೈಫ್ ಪತ್ರಿಕೆ ಈ ದಾರಿಯನ್ನು ಅಮೆರಿಕದ ಅತಿ ಒಂಟಿ ರಸ್ತೆ ಎಂದು ಕರೆದಿತ್ತು. ಫಾಲನ್‌ನಿಂದ ಆಸ್ಟಿನ್‌ಗೆ ಸುಮಾರು 175 ಕಿ.ಮೀ. ಒಂದು ಗುಡ್ಡದ ಸಾಲು, ಒಂದು ಬಯಲು, ಮತ್ತೆ ಗುಡ್ಡದ ಸಾಲು. ನಾಲ್ಕು ಹನಿ ಮಳೆ ಬಿದ್ದರೆ ಸಾಕು, ಸೇಜ್ ಪೊದೆಗಳ ಘಾಟು ಹೆಲ್ಮೆಟ್ಟಿನೊಳಕ್ಕೇ ನುಗ್ಗುತ್ತದೆ.

ಅದೇ 1986ರ ಮೇ ತಿಂಗಳಲ್ಲಿ ಇಲ್ಲಿ ಒಂದು ಕೇಂದ್ರ ಕಾನೂನು ಬಂತು. ಹೊರಟ ಊರಿನಲ್ಲೂ ಸೇರುವ ಊರಿನಲ್ಲೂ ಆಯುಧ ಕಾನೂನುಬದ್ಧವಾಗಿದ್ದರೆ ನಡುವಿನ ರಾಜ್ಯಗಳನ್ನು ದಾಟಿ ಒಯ್ಯಬಹುದು. ಆದರೆ ಅದರಲ್ಲಿ ಗುಂಡು ತುಂಬಿರಬಾರದು. ಆಯುಧವಾಗಲಿ ತೋಟಾ ಆಗಲಿ ಸವಾರನ ಕೈಗೆ ಸುಲಭವಾಗಿ ಎಟುಕಬಾರದು. ಕಾರಿಗಾದರೆ ಡಿಕ್ಕಿ ಇದೆ. ಡಿಕ್ಕಿಯಿಲ್ಲದ ವಾಹನಕ್ಕೆ ಬೀಗ ಹಾಕಿದ ಪೆಟ್ಟಿಗೆಯೇ ಆಗಬೇಕು. ಕ್ಯಾಲಿಫೋರ್ನಿಯಾದ ನಿಯಮವೂ ಹೆಚ್ಚುಕಡಿಮೆ ಅದೇ.

ನನ್ನ ಏರ್ಪಾಡು ಹೀಗಿದೆ. ಪಿಸ್ತೂಲು ಖಾಲಿ. ಅದರ ನಳಿಗೆಯೊಳಗೆ ತಂತಿಯ ಬೀಗ ತೂರಿಸಿದ್ದೇನೆ. ಅದು ಬೀಗವಿರುವ ಸಣ್ಣ ಉಕ್ಕಿನ ಪೆಟ್ಟಿಗೆಯಲ್ಲಿದೆ, ಆ ಪೆಟ್ಟಿಗೆ ಬೈಕಿನ ಎಡಗಡೆಯ ಅಲ್ಯೂಮಿನಿಯಂ ಡಬ್ಬದಲ್ಲಿದೆ, ಅದಕ್ಕೂ ಬೀಗ. ತೋಟಾಗಳು ಬಲಗಡೆಯ ಡಬ್ಬದಲ್ಲಿ. ಟ್ಯಾಂಕಿನ ಮೇಲಿನ ಚೀಲದಲ್ಲಿ ನೀರು, ನಕ್ಷೆ ಬಿಟ್ಟರೆ ಏನೂ ಇಲ್ಲ, ಏಕೆಂದರೆ ಅದು ಕೈಗೆ ಸಿಗುವ ಜಾಗ.

ನೆವಾಡದಲ್ಲಿ ಸೊಂಟಕ್ಕೆ ಕಾಣುವಂತೆ ಕಟ್ಟಿಕೊಂಡರೆ ಪರವಾನಗಿ ಬೇಡ, ಮರೆಯಾಗಿ ಇಟ್ಟುಕೊಂಡರೆ ಬೇಕು. ಆದರೆ ಬೈಕಿನ ಮೇಲೆ ಗಾಳಿಗೆ ಜಾಕೆಟ್ ಹಾರಿ ಬಿದ್ದರೆ ಕಾಣುತ್ತಿದ್ದದ್ದು ಮರೆಯಾಗಿಬಿಡುತ್ತದೆ. ನಾನೇ ಬೈಕಿನಿಂದ ಬಿದ್ದರಂತೂ ಸೊಂಟದ ಮೂಳೆಗೇ ಕುತ್ತು. ನನಗೆ ಪೆಟ್ಟಿಗೆಯೇ ಸರಿ.

ಇಂಥ ಶಿಸ್ತು ನಾನು ಕಲಿತದ್ದು ಇಲ್ಲಲ್ಲ, ಅಪ್ಪಯ್ಯ. ಹಂದಿ ಕಾಯಲು ರಾತ್ರಿ ಗದ್ದೆಗೆ ಹೋದ ನೀವು ಬೆಳಗಿನ ಜಾವ ಮರಳಿದಾಗ ಅಂಗಳದಲ್ಲೇ ನಿಂತು ಕೋವಿ ಮುರಿದು, ತೋಟಾ ತೆಗೆದು, ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಹೊಸಿಲು ದಾಟುತ್ತಿದ್ದಿರಿ. ಕೋವಿ ಅಟ್ಟದ ಮೇಲೆ, ತೋಟಾ ಅಮ್ಮನ ಟ್ರಂಕಿನಲ್ಲಿ. ಚುನಾವಣೆ ಬಂತೆಂದರೆ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಜಮಾ ಮಾಡಲು ಹೊರಡುತ್ತಿದ್ದಿರಿ. ಗ್ರೀನ್ ಕಾರ್ಡ್ ಬಂದ ಮೇಲೆ ಪಿಸ್ತೂಲು ಕೊಂಡಾಗ, ಅದು ಕೈಗೆ ಬರಲು ಕ್ಯಾಲಿಫೋರ್ನಿಯಾದಲ್ಲಿ 10 ದಿನ ಕಾಯಬೇಕಾಯಿತು. ಆ ಹತ್ತೂ ದಿನ ನನ್ನ ಕಣ್ಣಮುಂದೆ ಇದ್ದದ್ದು ನಮ್ಮ ಅಂಗಳ.

ಆಸ್ಟಿನ್ 1862ರಲ್ಲಿ ಬೆಳ್ಳಿ ಗಣಿಗಾಗಿ ಹುಟ್ಟಿದ ಊರು. ಒಂದೇ ಬೀದಿ, ಅಲ್ಲೇ ಅಂಚೆ ಕಚೇರಿ. ಅಂಚೆ ಇಲಾಖೆಯ ಜಾಗದಲ್ಲಿ ಆಯುಧ ಕೂಡದು. ವಾಹನ ನಿಲ್ಲಿಸುವ ಅಂಗಳದಲ್ಲೂ, ಬೀಗದೊಳಗಿದ್ದರೂ ಕೂಡದು. ಹಾಗಾಗಿ ಉಕ್ಕಿನ ಪೆಟ್ಟಿಗೆಯನ್ನು ಮೋಟೆಲ್ ಕೋಣೆಗೆ ತಂದು, ಮಂಚದ ಕಾಲಿಗೆ ಸರಪಳಿ ಹಾಕಿ ಬಿಗಿದಿದ್ದೇನೆ. ಬೈಕನ್ನೂ ಇಲ್ಲೇ ಬಿಟ್ಟು, ಈ ಕಾಗದವನ್ನು ನಡೆದುಕೊಂಡೇ ಹೋಗಿ ಹಾಕಿ ಬರುತ್ತೇನೆ.

ಬೀಗದ ಕೈ ನನ್ನ ಅಂಗಿಯ ಒಳಜೇಬಿನಲ್ಲಿದೆ ಎಂದು ಅಮ್ಮನಿಗೆ ಹೇಳಿ.

ನಿಮ್ಮ ಮಗ